ಪರ್ಮಿಟ್ ಇದ್ದವನಿಗೆ ಮಾತ್ರ ಟೇಪು

ದಿವಾದಿಂದ ಠಾಣೆ ಕಡೆಗೆ ಲೋಕಲ್‌ನಲ್ಲಿ ಓಡಾಡುವವರಿಗೆ ಮುಂಬ್ರಾ ಮತ್ತು ಕಳವಾ ನಡುವಿನ ರೇತಿಬಂದರ್ ಗೊತ್ತಿರುತ್ತದೆ. ಒಂದು ಬದಿ ಪಾರ್ಸಿಕ್ ಗುಡ್ಡ, ಇನ್ನೊಂದು ಬದಿ ಖಾಡಿ. ಮರಾಠಿಯ ರೇತಿ ಎಂದರೆ ಉತ್ತರ ಕರ್ನಾಟಕದವರ ಉಸುಕು, ಕರಾವಳಿಯವರಾದ ನಮ್ಮ ಹೊಯ್ಗೆ. ಮಂಗಳೂರಿಗೆ ಹೊಯ್ಗೆಬಜಾರ್, ಇಲ್ಲಿಗೆ ರೇತಿಬಂದರ್!

ಹಿಂದೆ ಈ ಖಾಡಿಯಲ್ಲಿ ಜನ ನೀರಿಗೆ ಮುಳುಗಿ ಕೈಯಿಂದಲೇ ಮರಳು ತುಂಬಿ ತರುತ್ತಿದ್ದರು. ಆಮೇಲೆ ಸಕ್ಷನ್ ಪಂಪ್ ಬಂತು. ಕಂದಾಯ ಇಲಾಖೆಯವರು ದೋಣಿಯಲ್ಲಿ ಹೋಗಿ ಪಂಪು, ಬಾರ್ಜ್‌ಗಳನ್ನು ಹಿಡಿದು ನಾಶ ಮಾಡಿದ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ದಾಳಿ. ಮಾಮೂಲಿ ತಪಾಸಣೆ ಹೇಗಿರುತ್ತದೆ ಎಂದು ನಾನು ನೋಡಿದ್ದು ಊರಿನಲ್ಲಿ.

ಬಂಟ್ವಾಳದ ಕಡೆ ನನ್ನ ಸೋದರಮಾವನದೊಂದು ಸಣ್ಣ ಮರಳು ಧಕ್ಕೆ ಇದೆ. ಕಳೆದ ರಜೆಯಲ್ಲಿ ನಾನಿದ್ದ ದಿನವೇ ಇಬ್ಬರು ಅಧಿಕಾರಿಗಳು ಬಂದರು. ಪರ್ಮಿಟ್ ನೋಡಿದರು, ಲಾರಿ ಹೋದ ಲೆಕ್ಕದ ಪುಸ್ತಕ ತಿರುವಿದರು, ಗಡಿಗುರುತನ್ನು ಜಿಪಿಎಸ್‌ನಲ್ಲಿ ತಾಳೆ ನೋಡಿದರು. ಕೊನೆಗೆ ದೋಣಿ ಹತ್ತಿ, ಗುರುತು ಹಾಕಿದ ಕೋಲು ಇಳಿಸಿ ಆಳ ಅಳೆದರು. ಒಂದು ಮೂಲೆಯಲ್ಲಿ 3 ಮೀಟರ್ ಮೀರಿತ್ತು. ಮುಂದಿನ ಮಳೆಗಾಲದಲ್ಲಿ ಮರಳು ಬಂದು ತುಂಬುವವರೆಗೆ ಅಲ್ಲಿ ತೆಗೆಯಬಾರದು ಎಂದು ಬರೆದುಕೊಟ್ಟು ಹೋದರು.

ಅವರೆದುರು ಮಾವ ತುಟಿ ಬಿಚ್ಚಲಿಲ್ಲ. ಜೀಪು ಮರೆಯಾದ ಮೇಲೆ ಹೇಳಿದರು: "ರಾತ್ರಿ ಪಂಪು ಹಾಕಿ ಎಳೆಯುವವರಿಗೆ ಅಳತೆಯೇ ಇಲ್ಲ ಮಾರಾಯಾ. ಪರ್ಮಿಟ್ ಇದ್ದವನಿಗೆ ಮಾತ್ರ ಟೇಪು."

ನನ್ನ ಕೆಲಸದಲ್ಲೂ ಇದೇ ಕಥೆ. ಪಟ್ಟಿಯಲ್ಲಿರುವ ಸರ್ವರ್‌ಗಳ ಮೇಲೆ ಹಗಲೂ ರಾತ್ರಿ ಕಣ್ಣಿರುತ್ತದೆ. ಯಾರೋ ಹಾಕಿ, ಪಟ್ಟಿಗೆ ಸೇರಿಸದೆ ಬಿಟ್ಟ ಯಂತ್ರವನ್ನು ಯಾರೂ ನೋಡುವುದಿಲ್ಲ. ಹಾಗಂತ ಪಟ್ಟಿಯಲ್ಲಿರುವುದನ್ನು ನೋಡದೆ ಬಿಡಲಾದೀತೇ?

ಸಣ್ಣ ಗುಂಡಿ ಎಂದು ಬಿಡುವಂತಿಲ್ಲ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 5 ಹೆಕ್ಟೇರ್‌ಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. ಚಿಕ್ಕ ಚಿಕ್ಕ ತುಂಡುಗಳು ಅಕ್ಕಪಕ್ಕ ಸೇರಿದರೆ ನದಿಗೆ ಅದೊಂದೇ ದೊಡ್ಡ ಗುಂಡಿ. ಗುಂಡಿ ತೋಡಿದರೆ ಮೇಲ್ಭಾಗದ ಮರಳು ಅದನ್ನು ತುಂಬಲು ಜಾರುತ್ತದೆ, ಸೇತುವೆ ಕಂಬದ ಬುಡ ಬರಿದಾಗುತ್ತದೆ. ಫಲ್ಗುಣಿ ನದಿಯ ಮೂಲರಪಟ್ಣ ಸೇತುವೆ 2018ರ ಜೂನ್‌ನಲ್ಲಿ ಕುಸಿದಾಗ ಊರವರು ಬೊಟ್ಟು ಮಾಡಿದ್ದು ಮರಳುಗಾರಿಕೆಯ ಕಡೆಗೇ.

ಲೆಕ್ಕ ಕಷ್ಟದ್ದಲ್ಲ. 50 ಮೀಟರ್ ಉದ್ದ, 20 ಮೀಟರ್ ಅಗಲ, 3 ಮೀಟರ್ ಆಳ ಎಂದರೆ 3,000 ಘನ ಮೀಟರ್. ಇಲ್ಲಿನವರ ಬ್ರಾಸ್ ಲೆಕ್ಕದಲ್ಲಿ, ಒಂದು ಬ್ರಾಸ್‌ಗೆ 100 ಘನ ಅಡಿಯಂತೆ, ಸುಮಾರು 1,060 ಬ್ರಾಸ್. ಲಾರಿ ಪುಸ್ತಕದ ಒಟ್ಟು ಮೊತ್ತಕ್ಕಿಂತ ಗುಂಡಿ ದೊಡ್ಡದಿದ್ದರೆ ಪುಸ್ತಕ ಸುಳ್ಳು, ಅಥವಾ ಇನ್ಯಾರೋ ಬಂದಿದ್ದಾರೆ. ಪಟ್ಟಿಯಲ್ಲಿಲ್ಲದ ಗುಂಡಿ ಹುಡುಕಲು ಡ್ರೋನ್ ಬಳಸಿ ಎಂದು ಕೇಂದ್ರದ 2020ರ ಮಾರ್ಗಸೂಚಿಯೇ ಹೇಳುತ್ತದೆ. ಕೋಲು ಮಾವನ ಧಕ್ಕೆಗೆ ಬರಲಿ, ಡ್ರೋನ್ ರಾತ್ರಿಯ ಪಂಪಿನ ಮೇಲೂ ಹಾರಲಿ.

ಫ್ಲಾಟ್ ಕೊಳ್ಳುವಾಗ ನಾವು ಕಾರ್ಪೆಟ್ ಏರಿಯಾ ಕೇಳುತ್ತೇವೆ, ನೀರು ಎಷ್ಟು ಗಂಟೆ ಎಂದು ಕೇಳುತ್ತೇವೆ. ಮರಳು ಎಲ್ಲಿಂದ ಬಂತು, ಪಾಸ್ ಇತ್ತೇ ಎಂದೂ ಒಮ್ಮೆ ಕೇಳಿ ನೋಡಬಹುದು.

ಮಾವ ಆ ಮೂಲೆಗೆ ಬಿದಿರು ಊರಿ ಕೆಂಪು ಬಟ್ಟೆ ಕಟ್ಟಿದ್ದಾರೆ. ಒಂದು ಮಳೆಗಾಲದ ದುಡಿಮೆಯನ್ನು ಬಿಟ್ಟು ಕಾಯಲು ಅವರು ಸಿದ್ಧ. ತಾವು ಕಾದು ಉಳಿಸಿದ್ದನ್ನು ರಾತ್ರಿ ಬಂದವರು ಹೊತ್ತೊಯ್ಯಬಾರದು ಎಂಬುದಷ್ಟೇ ಅವರ ಬೇಡಿಕೆ.