ಸಂಬಳ ಕಾಣದ ಸೇನೆಯೂ ರೋಮ್ ನಗರವೂ

ರೋಮ್ ನಗರಕ್ಕೆ ಹೋದವರು ಸೇಂಟ್ ಪೀಟರ್ ದೇವಾಲಯವನ್ನೂ, ಅಲ್ಲಿಗೆ ಅನತಿದೂರದಲ್ಲಿ ಟೈಬರ್ ನದಿಯ ದಡದಲ್ಲಿರುವ ಸಂತ ಆಂಜೆಲೊ ಕೋಟೆಯನ್ನೂ ತಪ್ಪದೆ ನೋಡುವರು. ಇವೆರಡರ ನಡುವೆ, ಮನೆಗಳ ಮಗ್ಗುಲಲ್ಲಿಯೇ, ಎತ್ತರವಾದ ಹಳೆಯ ಗೋಡೆಯೊಂದು ಸುಮಾರು 800 ಮೀಟರು ಉದ್ದಕ್ಕೆ ಸಾಗಿರುವುದನ್ನು ಗಮನಿಸುವವರು ಕಡಮೆ. ಗೋಡೆಯ ಮೇಲ್ಭಾಗದಲ್ಲಿ ಇಕ್ಕಟ್ಟಾದ ಹಾದಿಯಿದೆ. ಪಸ್ಸೆಟ್ಟೊ ಎಂದು ಅದಕ್ಕೆ ಹೆಸರು. ಬಹುಕಾಲ ಮುಚ್ಚಿದ್ದ ಅದನ್ನು ದುರಸ್ತಿಮಾಡಿ 2024ನೆಯ ಡಿಸೆಂಬರಿನಲ್ಲಿ ಜನರಿಗೆ ತೆರೆದರು.

1527ನೆಯ ಮೇ 6ನೆಯ ತಾರೀಖು ಬೆಳಗ್ಗೆ ಏಳನೆಯ ಕ್ಲೆಮೆಂಟ್ ಪೋಪರು ಈ ಹಾದಿಯಲ್ಲಿ ಓಡಿದರು. ಬಿಳಿಯ ಉಡುಪು ಕೆಳಗಿನ ಕೋವಿಗಾರರಿಗೆ ಗುರಿಯಾದೀತೆಂದು ಪಾವೊಲೊ ಜೋವಿಯೊ ಎಂಬ ಪಂಡಿತನು ತನ್ನ ನೇರಳೆಯ ನಿಲುವಂಗಿಯನ್ನು ಅವರಿಗೆ ಹೊದಿಸಿದನು. ಅವರನ್ನು ಕಾಯುತ್ತಿದ್ದ 189 ಮಂದಿ ಸ್ವಿಸ್ ಭಟರಲ್ಲಿ 147 ಮಂದಿ ದೇವಾಲಯದ ಬಳಿ ಹೋರಾಡಿ ಮಡಿದರು. ಉಳಿದ 42 ಮಂದಿ ಪೋಪರನ್ನು ಕೋಟೆಗೆ ಮುಟ್ಟಿಸಿದರು. ಹೊಸ ಸ್ವಿಸ್ ಭಟರು ಮೇ 6ರಂದು ಪ್ರಮಾಣ ಮಾಡುವ ವಾಡಿಕೆ ಬಂದುದು ಈ ಕಾರಣದಿಂದಲೇ.

ಹಾಗೆ ನುಗ್ಗಿದವರಾರು? ಐದನೆಯ ಚಾರ್ಲ್ಸ್ ಚಕ್ರವರ್ತಿಯ ಸೈನಿಕರು. ಚಕ್ರವರ್ತಿಯು ಆಗ ಸ್ಪೇನಿನಲ್ಲಿದ್ದನು. ರೋಮನ್ನು ಸುಲಿಯಿರೆಂದು ಅವನು ಅಪ್ಪಣೆ ಕೊಡಲಿಲ್ಲ. ಕೊಡಬೇಕಾದ ಸಂಬಳವನ್ನೂ ಕೊಡಲಿಲ್ಲ! ಅನರ್ಥದ ಬೀಜವೆಲ್ಲವೂ ಅಲ್ಲಿದೆ. ಜರ್ಮನರು, ಸ್ಪೇನಿನವರು, ಇಟಲಿಯವರು ಸೇರಿ ಸುಮಾರು 20,000 ಮಂದಿ ಹಸಿದ ಹೊಟ್ಟೆಯಲ್ಲಿ ಅಲೆಯುತ್ತಿದ್ದರು. ಮಾರ್ಚ್ ತಿಂಗಳಲ್ಲಿ ಬೊಲೋನದ ಸಮೀಪದಲ್ಲಿ ದಂಗೆಯೆದ್ದ ತನ್ನವರನ್ನು ಸಮಾಧಾನಪಡಿಸಲೆತ್ನಿಸುತ್ತಲೇ ಜರ್ಮನರ ವೃದ್ಧನಾಯಕ ಫ್ರುಂಡ್ಸ್‌ಬರ್ಗನು ಪಾರ್ಶ್ವವಾಯುವಿಗೆ ತುತ್ತಾದನು. ಉಳಿದ ಸೇನಾಪತಿ ಬೂರ್ಬೋನಿನ ಡ್ಯೂಕನು ಸೇನೆಯನ್ನು ನಡೆಸಿದನೆನ್ನುವುದಕ್ಕಿಂತ ಸೇನೆಯೇ ಅವನನ್ನು ನಡೆಸಿತೆನ್ನುವುದು ನ್ಯಾಯ.

ನಮ್ಮ ಕೌಟಿಲ್ಯನು ಸೇನೆಗೆ ಒದಗುವ ವ್ಯಸನಗಳನ್ನು ಎಣಿಸುವಲ್ಲಿ ವೇತನ ಕಾಣದ ಸೇನೆಯನ್ನು ‘ಅಭೃತ’ವೆಂದೂ ರೋಗಪೀಡಿತವಾದುದನ್ನು ‘ವ್ಯಾಧಿತ’ವೆಂದೂ ಕರೆದು, ಇವೆರಡರಲ್ಲಿ ಅಭೃತವೇ ಮೇಲು, ಸಂಬಳ ಕೊಟ್ಟೊಡನೆ ಅದು ಕಾದುವುದೆಂದು ಹೇಳುವನು. ಕೊಡದಿದ್ದರೂ ಕಾದುವುದೆಂದು, ಎದುರಿನ ಪಟ್ಟಣವನ್ನೇ ಸಂಬಳವೆಂದು ಬಗೆಯುವುದೆಂದು, ರೋಮಿನವರು ಕಂಡರು.

ಪೋಪರ ಜಾಣತನವನ್ನಾದರೂ ನೋಡಿರಿ. ಮಾರ್ಚಿಯಲ್ಲಿ ಚಕ್ರವರ್ತಿಯ ಪ್ರತಿನಿಧಿಯೊಡನೆ ಒಪ್ಪಂದವಾಯಿತೆಂದು ನಂಬಿ, ಖರ್ಚು ಉಳಿಯಲೆಂದು ತಮ್ಮ ಸೈನಿಕರಲ್ಲಿ ಬಹುಮಂದಿಯನ್ನು ಮನೆಗೆ ಕಳುಹಿಸಿದರು. ಮಿತವ್ಯಯವು ಸದ್ಗುಣವೇ ಸರಿ. ನೆರೆಮನೆ ಉರಿಯುತ್ತಿರುವಾಗ ಬಾವಿಯ ಹಗ್ಗವನ್ನು ಮಾರುವುದು ಎಂತಹ ಮಿತವ್ಯಯವೋ!

ಸಾಂತೊ ಸ್ಪಿರಿತೊ ಆಸ್ಪತ್ರೆಯ ಕಡೆಯಲ್ಲಿ ಕೋಟೆಗೋಡೆ ದುರ್ಬಲವಾಗಿದ್ದಿತು. ಮುತ್ತಿದವರಲ್ಲಿ ದೊಡ್ಡ ಫಿರಂಗಿಗಳಿಲ್ಲ, ಏಣಿಗಳು ಮಾತ್ರ. ಆದರೆ ಅಂದು ದಟ್ಟವಾದ ಮಂಜು ಮುಸುಕಿ, ಕೋಟೆಯ ಗೋಲಂದಾಜರಿಗೆ ಗುರಿ ಕಾಣಿಸಲಿಲ್ಲ. ಏಣಿಯೇರುತ್ತಿದ್ದ ಬೂರ್ಬೋನನು ಗುಂಡು ತಗಲಿ ಬಿದ್ದನು. ಅಕ್ಕಸಾಲೆ ಬೆನ್ವೆನುತೊ ಚೆಲ್ಲೀನಿಯು ಆ ಗುಂಡು ತನ್ನದೇ ಎಂಬರ್ಥದಲ್ಲಿ ಆತ್ಮಕಥೆಯಲ್ಲಿ ಬರೆದುಕೊಂಡಿರುವನು. ಆತ್ಮಪ್ರಶಂಸೆಯಲ್ಲಿ ಆತನಿಗೆ ಬಡತನವಿರಲಿಲ್ಲ. ಯಾರ ಗುಂಡಾದರೇನು, ಆ ಸೇನೆಯನ್ನು ತಡೆಯಬಲ್ಲ ಕೊನೆಯ ಕೈಯೂ ಹೋಯಿತು. ಊರಿನವರು ಸೇತುವೆಗಳನ್ನು ಮುರಿದಿರಲಿಲ್ಲ. ಸಂಜೆಗೆ ಸೈನಿಕರು ಸಿಸ್ತೊ ಸೇತುವೆಯನ್ನು ದಾಟಿ ನಗರದೊಳಗೆ ಹರಡಿಕೊಂಡರು.

ಅನಂತರದ ವೃತ್ತಾಂತವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ವಿಸ್ತರಿಸಲೊಲ್ಲೆನು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲವೆಂದರೆ ಸಾಕು. ಸಂಪನ್ನರನ್ನು ಹಿಡಿದು ಬಿಡುಗಡೆಯ ಹಣಕ್ಕಾಗಿ ಪೀಡಿಸಿದರು; ಒಬ್ಬರಿಗೆ ತೆತ್ತವನನ್ನು ಮತ್ತೊಬ್ಬರು ಹಿಡಿದರು. ಒಂದು ಅರಮನೆ ಮಾತ್ರ ಉಳಿಯಿತು. ಮಾಂಟುವದ ರಾಜಮಾತೆ ಇಸಬೆಲ್ಲಾ ದೆಸ್ತೆಯು ಕೊಲೊನ್ನ ಅರಮನೆಯಲ್ಲಿ ಬಿಡಾರ ಮಾಡಿದ್ದಳು. ಸುಮಾರು 2,000 ಮಂದಿ ಆಕೆಯ ಆಶ್ರಯವನ್ನು ಹೊಕ್ಕರು. ಆಕೆಯ ಮಗ ಫೆರ್ರಾಂತೆಯು ಮುತ್ತಿದ ಸೇನೆಯಲ್ಲಿಯೇ ನಾಯಕನಾಗಿದ್ದನು. ಆದರೂ ಒಳಗಿದ್ದವರು ಹಣ ತೆರದೆ ಉಳಿಯಲಾಗಲಿಲ್ಲ.

ಪೋಪರು ಕೋಟೆಯೊಳಗೆ ಒಂದು ತಿಂಗಳಿದ್ದು, ಜೂನ್ 5ರಂದು 4,00,000 ಡ್ಯುಕಟ್ ತೆರಲೊಪ್ಪಿ ಶರಣಾದರು. ಅವರ ಅಪ್ಪಣೆಯಂತೆ ಚೆಲ್ಲೀನಿಯು ಅಲ್ಲಿಯೇ ಕುಲುಮೆ ಹೂಡಿ, ಪೋಪರ ಕಿರೀಟಗಳ ರತ್ನಗಳನ್ನು ಬಿಡಿಸಿ ಚಿನ್ನವನ್ನು ಕರಗಿಸಿದನು. ಬೇಸಗೆಯಲ್ಲಿ ಪ್ಲೇಗು ಬಂದು ಸುಲಿದವರನ್ನೂ ಸುಲಿಯಲ್ಪಟ್ಟವರನ್ನೂ ಸಮನಾಗಿ ಒಯ್ದಿತು. ಅಭೃತಸೇನೆ ವ್ಯಾಧಿತವೂ ಆಯಿತು. ಡಿಸೆಂಬರಿನಲ್ಲಿ ಪೋಪರು ಒರ್ವಿಯೆತೊ ಪಟ್ಟಣಕ್ಕೆ ತಪ್ಪಿಸಿಕೊಂಡು ಹೋದರು. ಸೈನಿಕರು ನಗರವನ್ನು ಬಿಟ್ಟುದು 1528ನೆಯ ಫೆಬ್ರವರಿಯಲ್ಲಿ.

ಪೋಪರ ಅರಮನೆಯಲ್ಲಿ ರಾಫೆಲನು ಬರೆದ ದಿವ್ಯವಾದ ಭಿತ್ತಿಚಿತ್ರವೊಂದರ ಕೆಳಭಾಗದಲ್ಲಿ ಯಾವನೋ ಜರ್ಮನ್ ಸೈನಿಕನು ಲೂಥರನ ಹೆಸರನ್ನು ಗೀರಿ ಹೋಗಿರುವನು. ಫರ್ನೆಸೀನ ಎಂಬ ಮಹಲಿನಲ್ಲಿ ಅಂಥದೇ ಇನ್ನೊಂದು ಬರಹವಿದೆ, 1528ನೆಯ ಇಸವಿಯೊಡನೆ: ಪೋಪರನ್ನು ಓಡಿಸಿದ ತಾವು ನಗದಿರುವುದು ಹೇಗೆ ಎಂಬುದು ಅದರ ತಾತ್ಪರ್ಯ. ಚಿತ್ರಗಳನ್ನು ನೋಡಲು ಬಂದವರು ಬಾಗಿ ಅದನ್ನೂ ಓದುವರು.