ಮಗ್ಗ ಹೋದ ಮನೆಯ ಅಟ್ಟ

ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ರ್ವಾ ರೂಸ್ ಎಂಬ ಗುಡ್ಡವಿದೆ. ಅಲ್ಲಿನ ಹಳೆಯ ಮನೆಗಳ ಎತ್ತರ ನೋಡಿದರೆ ಬೆರಗಾಗುತ್ತದೆ. ಕೋಣೆ ಕಿರಿದು, ಸೂರು ಮಾತ್ರ ಹದಿಮೂರು ಅಡಿ ಮೇಲೆ. ಸೂರಿನುದ್ದಕ್ಕೂ ಓಕ್ ಮರದ ತೊಲೆಗಳು, ಗೋಡೆಯ ಬಹುಪಾಲನ್ನು ನುಂಗಿದ ಕಿಟಕಿಗಳು. ಸಿರಿವಂತರು ಮೆರೆಯಲೆಂದು ಕಟ್ಟಿಸಿದ ಎತ್ತರವಲ್ಲ ಇದು. 19ನೇ ಶತಮಾನದ ಮೊದಲ ಅರ್ಧದಲ್ಲಿ ರೇಷ್ಮೆ ನೇಕಾರರಿಗಾಗಿಯೇ ಎದ್ದ ಮನೆಗಳು ಇವು. ಮಗ್ಗದ ನೆತ್ತಿಯ ಮೇಲೆ ಎಳೆ ಎತ್ತುವ ಜಕಾರ್ಡ್ ಯಂತ್ರ ಕೂರಬೇಕಲ್ಲ, ಅದಕ್ಕೆ ನಾಲ್ಕು ಮೀಟರ್ ಎತ್ತರ. ಎಳೆ ಕಾಣಬೇಕಲ್ಲ, ಅದಕ್ಕೆ ಅಷ್ಟು ಬೆಳಕು. ಮಗ್ಗಕ್ಕೆ ಬೇಕಾದದ್ದೆಲ್ಲ ಆದ ಮೇಲೆ ಉಳಿದ ಮೂಲೆ ಮನುಷ್ಯರಿಗೆ. ಕೆಳಗೆ ಒಲೆ, ಒಲೆಯ ಮೇಲ್ಗಡೆ ಹಲಗೆ ಹಾಸಿ ಮಾಡಿದ ಅಟ್ಟ. ನೇಕಾರರ ಸಂಸಾರ ಮಲಗುತ್ತಿದ್ದುದು ಅಲ್ಲಿ.

ಅಂಥದೊಂದು ಅಟ್ಟದಲ್ಲಿ ನನ್ನ ಓದಿನ ವರ್ಷ ಕಳೆಯಿತು. ಕೆಳಗಿನ ಕೋಣೆಯಲ್ಲಿ ಈಗ ಮಗ್ಗವಿಲ್ಲ. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮತ್ತು ರೈಲ್ವೆಯಲ್ಲಿ ದುಡಿದು ವಿಶ್ರಾಂತರಾದ ಅವರ ಯಜಮಾನರು ಇದ್ದರು. ಆಕೆಯನ್ನು ನಾನು ಕೊನೆಯವರೆಗೂ ಮದಾಮ್ ಎಂದೇ ಕರೆದೆ.

ನಾನು ದೊಡ್ಡಬಳ್ಳಾಪುರದವಳು. ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತರೆ ಕರೆಂಟ್ ಹೋಗಿದೆಯೆಂದೇ ಲೆಕ್ಕ. ತೂತು ಹೊಡೆದ ರಟ್ಟಿನ ಕಾರ್ಡುಗಳು ಒಂದರ ಹಿಂದೊಂದು ಸುತ್ತುತ್ತ, ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಮಗ್ಗಕ್ಕೆ ಹೇಳಿಕೊಡುವುದನ್ನು ನೋಡಿಯೇ ಬೆಳೆದವಳು. 1804ರ ಸುಮಾರಿಗೆ ಆ ಜಕಾರ್ಡ್ ಯಂತ್ರವನ್ನು ರೂಪಿಸಿದ ಜೋಸೆಫ್ ಮರೀ ಜಕಾರ್ ಲಿಯಾನಿನವನು. ಕ್ರ್ವಾ ರೂಸ್ ಚೌಕದಲ್ಲಿ ಅವನ ಪ್ರತಿಮೆಯಿದೆ. ಕಾಲೇಜಿಗೆ ಇಳಿಯುವ ಮುನ್ನ ಅವನ ಮುಂದೆ ಹಾದುಹೋಗುವಾಗ ನಮ್ಮ ಮನೆಯ ಹಿರಿಯರೊಬ್ಬರನ್ನು ಕಂಡಷ್ಟು ಸಲಿಗೆ ನನಗೆ.

ಆ ಮನೆ ನನ್ನನ್ನು ಇರಿಸಿಕೊಂಡ ಬಗೆಯನ್ನು ಹೇಳಬೇಕು. ತಿಂಗಳಿಗಿಷ್ಟು ಎಂದು ನಾನು ಹಣ ಕೊಡುತ್ತಿದ್ದೆ. ಅಲ್ಲಿ ಆತಿಥೇಯ ಕುಟುಂಬಗಳ ರೀತಿಯೇ ಹಾಗೆ. ಬಾಡಿಗೆಗೆ ಕೊಟ್ಟ ಕೋಣೆಯನ್ನು ಪ್ರೀತಿ ಎನ್ನಬೇಡ ಎಂದು ಸಹಪಾಠಿಗಳು ಎಚ್ಚರಿಸಿದ್ದರು. ನಾನು ಒಪ್ಪುವುದಿಲ್ಲ. ಮೊದಲ ಸಂಜೆಯೇ ಮದಾಮ್ ನನ್ನ ಕೈಗೆ ಬೀಗದ ಕೈ ಕೊಟ್ಟರು. ಜೊತೆಗೆ ಒಂದು ಮರದ ಬಳೆಯನ್ನೂ ಕೊಟ್ಟರು. ಊಟದ ಕರವಸ್ತ್ರವನ್ನು ಸುತ್ತಿ ಅದರೊಳಗೆ ತೂರಿಸಿಟ್ಟರೆ ಮುಂದಿನ ಊಟಕ್ಕೆ ಯಾರದು ಯಾವುದೆಂದು ಗೊತ್ತಾಗುತ್ತದೆ. ಬಂದುಹೋಗುವ ಅತಿಥಿಗೆ ಹೊಸ ಮಡಿ ಬಟ್ಟೆ. ಬಳೆ ಇರುವುದು ಮನೆಯವರಿಗೆ. ಆಮೇಲೆ ಕೆಲಸ ಹೇಳಿದರು. ಮೇಜು ಅಣಿಮಾಡುವುದು ನನ್ನದು, ಬ್ರೆಡ್ ತರುವುದು ನನ್ನದು. ಬೇಕರಿಯಿಂದ ಬಗೆಟ್ ತರುವಾಗ ದಾರಿಯಲ್ಲೇ ಅದರ ತುದಿ ಮುರಿದು ತಿನ್ನುವುದು ತಂದವರ ಹಕ್ಕು ಎಂಬುದನ್ನೂ ಅವರೇ ಹೇಳಿಕೊಟ್ಟರು.

ಹೀಗೆ ಹೊರಗಿನವರನ್ನು ಒಳಗೆ ಕರೆದು ಕೆಲಸ ಕೊಡುವುದು ಆ ಗೋಡೆಗಳಿಗೆ ಹೊಸತಲ್ಲ. ರೇಷ್ಮೆಯ ಕಾಲದಲ್ಲಿ ಮಗ್ಗದೊಡೆಯ ತನ್ನ ಮನೆಯಲ್ಲೇ ಕೂಲಿ ನೇಕಾರನನ್ನೂ ಕಸುಬು ಕಲಿಯಲು ಬಂದ ಹುಡುಗನನ್ನೂ ಇರಿಸಿಕೊಳ್ಳುತ್ತಿದ್ದ. ಅವರು ಮನೆಯವರ ಜೊತೆ ಉಣ್ಣುತ್ತಿದ್ದರು, ಅಟ್ಟದಲ್ಲೋ ಮಗ್ಗದ ಪಕ್ಕದಲ್ಲೋ ಮಲಗುತ್ತಿದ್ದರು. ಕಲಿಯಲು ಬಂದವರು ಅಟ್ಟ ಹತ್ತುವುದು ಅಲ್ಲಿನ ಹಳೆಯ ರೂಢಿ. ನಾನು ಆ ಸಾಲಿನವಳು ಎಂದುಕೊಂಡ ರಾತ್ರಿ ಪರದೇಶದ ಭಯ ಅರ್ಧ ಇಳಿಯಿತು.

ರಾತ್ರಿ ಎಂಟಕ್ಕೆ ಊಟ. ಮೊದಲು ಸೂಪು, ಆಮೇಲೆ ಮುಖ್ಯ ತಿನಿಸು, ಆಮೇಲೆ ಎಲೆಸೊಪ್ಪು, ಚೀಸ್, ಕೊನೆಗೆ ಹಣ್ಣು. ಒಂದು ಮುಗಿದ ಮೇಲೆಯೇ ಇನ್ನೊಂದು. ಬ್ರೆಡ್ಡಿಗೆ ತಟ್ಟೆಯಿಲ್ಲ, ಮೇಜುಬಟ್ಟೆಯ ಮೇಲೇ ಅದರ ಜಾಗ. ಅದನ್ನು ಬೋರಲು ಇಡಬಾರದು, ಅಪಶಕುನ. ಮಾಂಸ ತಿನ್ನದ ನನಗಾಗಿ ಮದಾಮ್ ಮೀನು ಸೇರಿಸದ ಕನೆಲ್ ಮಾಡುತ್ತಿದ್ದರು: ರವೆ, ಬೆಣ್ಣೆ, ಮೊಟ್ಟೆ ಕಲಸಿ ಉದ್ದುದ್ದ ಉಂಡೆ ಕಟ್ಟಿ, ಸಾಸಿನಲ್ಲಿ ಮುಳುಗಿಸಿ ಒಲೆಯೊಳಗಿಟ್ಟರೆ ಎರಡರಷ್ಟು ಉಬ್ಬುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾತ್ರ ನೇಕಾರರ ಬಡ ಊಟ. ಗಟ್ಟಿ ಮೊಸರಿನಂಥ ಹಸಿ ಚೀಸಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಹಸಿ ಸೊಪ್ಪು, ಉಪ್ಪು, ಮೆಣಸು, ಚೂರು ಎಣ್ಣೆ, ಚೂರು ವಿನೆಗರ್. ಬೇಯಿಸಿದ ಆಲೂಗಡ್ಡೆಯ ಜೊತೆ ಅದನ್ನು ತಿಂದ ದಿನ ನಮ್ಮ ಮೊಸರುಬಜ್ಜಿಯ ದೂರದ ನೆಂಟನನ್ನು ಕಂಡ ಹಾಗಾಯಿತು.

ಆದರೆ ಆ ಮೇಜಿನ ನಿಜವಾದ ಅಡುಗೆ ಮಾತು. ಟಿವಿಯ ಎಂಟು ಗಂಟೆಯ ಸುದ್ದಿಯನ್ನು ಯಜಮಾನರು ಊಟಕ್ಕೆ ಮೊದಲೇ ಆರಿಸಿಬಿಡುತ್ತಿದ್ದರು. ಪಿಂಚಣಿ, ಮುಷ್ಕರ, ಸಿನಿಮಾ, ನೆರೆಯವರ ಬೆಕ್ಕು, ದೇವರಿದ್ದಾನೋ ಇಲ್ಲವೋ, ಯಾವುದಾದರೂ ಸರಿ. ಒಂದು ಸುತ್ತು ಮಾತಾದ ಮೇಲೆ ಅವರು ನನ್ನ ಕಡೆ ತಿರುಗಿ, "ನೀನೇನು ಹೇಳುತ್ತೀ?" ಎಂದು ಕೇಳುತ್ತಿದ್ದರು, ಕೇಳಿ ಕಾಯುತ್ತಿದ್ದರು. ನನ್ನ ಕ್ರಿಯಾಪದ ಹೊರಡುವವರೆಗೆ ಅವರ ಚಮಚ ಮೇಲೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಉಣ್ಣುವಾಗ ದೊಡ್ಡವರು ಮಾತಾಡುತ್ತಾರೆ, ಚಿಕ್ಕವರು ಬಡಿಸುತ್ತಾರೆ. ಅಲ್ಲಿ ಅಭಿಪ್ರಾಯ ಹೇಳುವುದು ಮೇಜು ಒರೆಸುವಷ್ಟೇ ಕಡ್ಡಾಯದ ಮನೆಗೆಲಸ. ತರಗತಿಯಲ್ಲಿ ನಾನು ಫ್ರೆಂಚ್ ಓದಿದೆ, ನಿಜ. ಅದರಲ್ಲಿ ಎದುರಾಡಲು ಕಲಿತದ್ದು ಆ ಮೇಜಿನಲ್ಲಿ. ಒಮ್ಮೆ ಯಜಮಾನರ ಮಾತನ್ನು ನಾನು ಬಲವಾಗಿ ಅಲ್ಲಗಳೆದಾಗ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು.

ಇನ್ನೊಂದು ವಿಷಯ, ಬಲವಂತವಿಲ್ಲದ ಉಪಚಾರ. ನಮ್ಮಲ್ಲಿ ಅತಿಥಿ ಸಾಕೆಂದ ಮೇಲೆಯೇ ಬಡಿಸುವವರಿಗೆ ಹುರುಪು. ನಾನು ಸಾಕೆಂದರೆ ಮದಾಮ್ ಪಾತ್ರೆ ಎತ್ತಿಬಿಡುತ್ತಿದ್ದರು. ಅದು ತಣ್ಣನೆಯ ಮನಸ್ಸೆಂದು ದೂರುವವರನ್ನು ಕಂಡಿದ್ದೇನೆ. ನಿನ್ನ ಹಸಿವು ನಿನಗೇ ಗೊತ್ತು, ನಿನ್ನ ಮಾತನ್ನು ನಾನು ನಂಬುತ್ತೇನೆ ಎನ್ನುವ ಗೌರವ ಅದರಲ್ಲಿದೆ ಎಂದೇ ನನ್ನ ಎಣಿಕೆ. ಅಷ್ಟಿದ್ದೂ, ಬೇಡವೆಂದರೂ ತುಪ್ಪ ಸುರಿಯುವ ನನ್ನ ಅಜ್ಜಿಯ ಕೈಯನ್ನು ಆ ಚಳಿಗಾಲದಲ್ಲಿ ಬಹಳ ನೆನೆದೆ.

ಡಿಸೆಂಬರ್ 8ರ ಸಂಜೆ ಲಿಯಾನಿನ ಮನೆಮನೆಯ ಕಿಟಕಿಗಳಲ್ಲಿ ದೀಪವಿಡುತ್ತಾರೆ. 1852ರಲ್ಲಿ ಎದುರಿನ ಫೂರ್ವಿಯೇರ್ ಗುಡ್ಡದ ಮೇಲೆ ಮಾತೆ ಮೇರಿಯ ಪ್ರತಿಮೆಯನ್ನು ಸೆಪ್ಟೆಂಬರಿನಲ್ಲೇ ನಿಲ್ಲಿಸಬೇಕಿತ್ತು. ಸೋನ್ ನದಿಯ ನೆರೆಯಿಂದ ಅದು ಡಿಸೆಂಬರ್ 8ಕ್ಕೆ ಹೋಯಿತು. ಅಂದೂ ಬಿರುಮಳೆಯ ಭಯ. ಸಂಜೆಯ ಹೊತ್ತಿಗೆ ಆಕಾಶ ತಿಳಿಯಾದಾಗ ಜನ ತಾವಾಗಿಯೇ ಕಿಟಕಿಗಳಲ್ಲಿ ಮೇಣದ ಬತ್ತಿ ಹಚ್ಚಿದರಂತೆ. ಈಗ ಪೇಟೆಯ ತುಂಬ ದೊಡ್ಡ ದೊಡ್ಡ ಬೆಳಕಿನಾಟಗಳು, ಲಕ್ಷಾಂತರ ಪ್ರವಾಸಿಗರು. ಮದಾಮ್ ಆ ಕಡೆ ಹೋಗಲಿಲ್ಲ. ಗೆರೆಗೆರೆಯ ದಪ್ಪ ಗಾಜಿನ ಲೋಟಗಳನ್ನು ಒರೆಸಿ, ಒಳಗೆ ಪುಟ್ಟ ಬತ್ತಿಗಳನ್ನಿಟ್ಟು, ಕಿಟಕಿಯಂಚಿನಲ್ಲಿ ಜೋಡಿಸುವ ಕೆಲಸ ನನಗೆ ಬಿಟ್ಟರು. ಕಾರ್ತಿಕದಲ್ಲಿ ಹೊಸ್ತಿಲಿಗೆ ಹಣತೆಯಿಟ್ಟು ಅಭ್ಯಾಸವಾದ ಕೈಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಜನವರಿಯ ಮೊದಲ ವಾರ ರಾಜರ ರೊಟ್ಟಿ. ಪದರಪದರದ ಹಿಟ್ಟಿನೊಳಗೆ ಬಾದಾಮಿ ಹೂರಣ. ಹೂರಣದಲ್ಲಿ ಎಲ್ಲೋ ಒಂದು ಕಡೆ ಪಿಂಗಾಣಿಯ ಪುಟ್ಟ ಗೊಂಬೆ ಹುದುಗಿರುತ್ತದೆ. ಸಿಕ್ಕವರಿಗೆ ಕಾಗದದ ಕಿರೀಟ. ಹಂಚುವವರು ಮೋಸ ಮಾಡಬಾರದೆಂದು ಮನೆಯ ಅತಿ ಚಿಕ್ಕವರು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆಂದು ಕೂಗಬೇಕು. ಆ ಮನೆಗೆ ಚಿಕ್ಕವಳು ನಾನೇ. ಮೇಜುಬಟ್ಟೆಯ ಕೆಳಗೆ ಮಂಡಿಯೂರಿ ಕೂತೆ. "ಇದು ಯಾರಿಗೆ?" ಎಂದು ಮೇಲಿನಿಂದ ಕೇಳಿಬಂದಾಗಲೆಲ್ಲ ಒಂದೊಂದು ಹೆಸರು ಕೂಗಿದೆ. ಒಂದು ತುಂಡು ಹೆಚ್ಚಿಗೆ ಕತ್ತರಿಸಿದ್ದರು. ಬಾಗಿಲು ತಟ್ಟಬಹುದಾದ ಬಡವನ ಪಾಲು ಅದು, ಹಳೆಯ ಸಂಪ್ರದಾಯ. ಯಾರೂ ಬರಲಿಲ್ಲ; ಬೆಳಿಗ್ಗೆ ಕಾಫಿಯ ಜೊತೆ ಮೂವರೂ ಹಂಚಿಕೊಂಡೆವು.

ಭಾನುವಾರ ಮಧ್ಯಾಹ್ನ ಅಲ್ಲಿ ಊಟ ಮುಗಿಯುವಾಗ ಊರಲ್ಲಿ ಸಂಜೆ. ಆಗ ಅಪ್ಪನ ವಿಡಿಯೊ ಕರೆ. ಒಮ್ಮೆ ಅಪ್ಪ ಸೂರು ತೋರಿಸಲು ಹೇಳಿದರು. ಯಜಮಾನರು ಫೋನನ್ನು ತೊಲೆಗಳತ್ತ ಎತ್ತಿ, ಮಗ್ಗ ಅಲುಗದಂತೆ ಬಿಗಿದಿದ್ದ ಗುರುತುಗಳನ್ನು ತೋರಿಸಿದರು. "ಕೂಲಿ ಯಾರು ಗೊತ್ತು ಮಾಡೋರು, ಕೇಳಮ್ಮ" ಎಂದರು ಅಪ್ಪ. ಯಜಮಾನರು 1831ರ ಕತೆ ಹೇಳಿದರು. ಅಕ್ಟೋಬರಿನಲ್ಲಿ ಸರ್ಕಾರದ ಅಧಿಕಾರಿಯ ಮುಂದೆ ಕೂಲಿದರದ ಪಟ್ಟಿಗೆ ಒಪ್ಪಂದವಾಯಿತು. ವರ್ತಕರಲ್ಲಿ ಹಲವರು ಅದನ್ನು ಒಪ್ಪಲಿಲ್ಲ. ನವೆಂಬರಿನಲ್ಲಿ ಈ ಗುಡ್ಡದಿಂದ ನೇಕಾರರು ಇಳಿದು ನಗರವನ್ನೇ ಹಿಡಿದರು. ಸೈನ್ಯ ಬಂತು, ಪಟ್ಟಿ ರದ್ದಾಯಿತು. 1834ರಲ್ಲಿ ಮತ್ತೆ ಎದ್ದರು, ಮತ್ತೆ ರಕ್ತ ಹರಿಯಿತು. ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಂದೆ.

"ನೂಲು ವರ್ತಕರದ್ದು, ಮಗ್ಗ ಇವರದ್ದು, ಅಲ್ವೇ?" ಎಂದರು ಅಪ್ಪ.

ಹೌದೆಂದು ಯಜಮಾನರು ತಲೆಯಾಡಿಸಿದರು.

"ನಮ್ಮ ಕೂಲಿ ಮಗ್ಗದೋರದ್ದೂ ಅದೇ ಪಾಡು ಅನ್ನು."

ಆಮೇಲೆ ಅವರಿಬ್ಬರ ಮಾತು ನನ್ನನ್ನು ಬರೀ ದುಭಾಷಿಯನ್ನಾಗಿ ಮಾಡಿಕೊಂಡು ವಾರವಾರವೂ ಮುಂದುವರಿಯಿತು. 1839ರಲ್ಲಿ ಲಿಯಾನಿನಲ್ಲಿ ಜಕಾರ್‌ನ ಭಾವಚಿತ್ರವನ್ನು ರೇಷ್ಮೆಯಲ್ಲೇ ನೇಯ್ದರು, ಅದಕ್ಕೆ 24,000 ಕಾರ್ಡು ಬೇಕಾದವು ಎಂದು ಯಜಮಾನರು ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ನಮ್ಮ ಮನೆಯಲ್ಲಿ ಕಾರ್ಡುಗಳನ್ನು ಸಾಲಾಗಿ ಹೊಲಿಯುತ್ತಿದ್ದವಳು ಅಮ್ಮ. "ಅಷ್ಟು ಕಾರ್ಡು ಹೊಲಿದೋರು ಯಾರಂತೆ?" ಎಂದು ಕೊನೆಗೆ ಕೇಳಿದರು.

ಯಜಮಾನರಿಗೆ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಮಂಗಳವಾರ ಬೆಳಿಗ್ಗೆ ಕೋಟು ತೊಟ್ಟು ನೇಕಾರರ ಮ್ಯೂಸಿಯಮ್ಮಿನ ಕಡೆ ಹೊರಟರು. ನನ್ನ ತರಗತಿ ಮಧ್ಯಾಹ್ನಕ್ಕಿತ್ತು. ನಾನೂ ಜೊತೆಗೆ ಹೊರಟೆ.