ಗರ್ಭಲಕ್ಷಣ ವಿಚಾರ

ಈ ವಿಷಯವನ್ನು ಕುರಿತು ಬರೆಯುವುದು ವಯಸ್ಸಾದ ಉಪಾಧ್ಯಾಯನಿಗೆ ಉಚಿತವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಉಚಿತವೆಂದೇ ನನ್ನ ಅಭಿಪ್ರಾಯ. ಪಾಠಶಾಲೆಯಲ್ಲಿ ರಘುವಂಶದ ತೃತೀಯ ಸರ್ಗವನ್ನು ಓದುತ್ತಿದ್ದಾಗ, ಗರ್ಭಿಣಿಯಾದ ಸುದಕ್ಷಿಣಾದೇವಿಯ ಮುಖವು ಬಿಳುಪೇರಿದುದನ್ನೂ ಆಕೆಯು ಮಣ್ಣಿಗೆ ಆಸೆಪಟ್ಟುದನ್ನೂ ನಮ್ಮ ಗುರುಗಳು ವಿಸ್ತಾರವಾಗಿ ವಿವರಿಸುತ್ತಿದ್ದರು. ಆಕೆಯ ಸ್ತನಾಗ್ರಗಳು ಕಪ್ಪಾದುವೆಂದು ಕವಿಯು ಹೇಳುವ ಶ್ಲೋಕ ಬಂದೊಡನೆ ಮಾತ್ರ ಅನ್ವಯವನ್ನಷ್ಟೇ ಹೇಳಿ, ನಶ್ಯದ ಡಬ್ಬಿಯನ್ನು ಎರಡು ಸಾರಿ ತಟ್ಟಿ, ಮುಂದಕ್ಕೆ ಸಾಗುವರು. ಕಾಳಿದಾಸನಿಗಿಲ್ಲದ ಸಂಕೋಚವು ನಮಗೆಲ್ಲಿಂದ ಬಂದಿತೋ ಕಾಣೆ.

ಕಾವ್ಯದ ಮಾತು ಹಾಗಿರಲಿ. ಸುಶ್ರುತಸಂಹಿತೆಯ ಶಾರೀರಸ್ಥಾನದ ಮೂರನೆಯ ಅಧ್ಯಾಯದಲ್ಲಿ ಗರ್ಭಿಣಿಯ ಲಕ್ಷಣಗಳನ್ನು ಎಣಿಸಿ ಹೇಳಿದೆ. ಮೊಲೆತೊಟ್ಟು ಕಪ್ಪಾಗುವುದು, ರೋಮರೇಖೆಯು ಏಳುವುದು, ರೆಪ್ಪೆಗಳು ಮುಚ್ಚಿಬರುವುದು, ಕಾರಣವಿಲ್ಲದೆ ವಾಂತಿಯಾಗುವುದು, ಒಳ್ಳೆಯ ಪರಿಮಳವೂ ಬೇಡವಾಗುವುದು, ಬಾಯಲ್ಲಿ ನೀರೂರುವುದು, ಮೈ ಸೋಲುವುದು. ಇಷ್ಟನ್ನು ಬರೆದವರು ಕಣ್ಣಿಟ್ಟು ನೋಡಿದವರೇ ಸರಿ. ಬಲಗಡೆಯ ಮೊಲೆಯಲ್ಲಿ ಮೊದಲು ಹಾಲು ಕಂಡರೆ ಗಂಡುಮಗುವೆಂದು ಅದೇ ಅಧ್ಯಾಯವು ಹೇಳುವುದನ್ನು ಮಾತ್ರ ನಾನು ಒಪ್ಪಲಾರೆ. ಶಾಸ್ತ್ರವೆಂಬ ಕಾರಣದಿಂದ ಎಲ್ಲವನ್ನೂ ಹೊರಬೇಕಾದುದಿಲ್ಲ. ಹುಟ್ಟುವ ಮುನ್ನ ಶಿಶುವಿನ ಲಿಂಗವನ್ನು ಪರೀಕ್ಷಿಸಿ ತಿಳಿಸುವುದನ್ನು ೧೯೯೪ರ ಕಾಯಿದೆಯು ನಿಷೇಧಿಸಿಯೂ ಇದೆ.

ಆದರೆ ಆ ಪಟ್ಟಿಯಲ್ಲಿ ಒಂದು ಸಂಗತಿಯಿಲ್ಲ, ಅದು ನೋವು. ಹೊರಗಿನಿಂದ ನೋಡುವವನಿಗೆ ಬಣ್ಣ ಕಾಣುವುದು, ನೋವು ಕಾಣದು. ಅದನ್ನು ಅನುಭವಿಸಿದವಳೇ ಹೇಳಬೇಕು; ಹೇಳಬೇಕಾದರೆ ಅವಳಿಗೊಂದು ಮಾತು ಬೇಕು. ನಮ್ಮ ಮನೆಗಳಲ್ಲಿ ಆ ಮಾತಿಲ್ಲ.

೨೦೧೮ರ ಫೆಬ್ರವರಿಯಲ್ಲಿ ಇಲ್ಲಿ ಮಹಾಮಸ್ತಕಾಭಿಷೇಕವು ನಡೆದಾಗ ನಮ್ಮ ಮನೆಯ ತುಂಬ ನೆಂಟರು. ನನ್ನ ತಮ್ಮನ ಸೊಸೆ, ಮದುವೆಯಾಗಿ ವರ್ಷ ತುಂಬದ ಹುಡುಗಿ, ನಾಲ್ಕು ದಿನಗಳಿಂದ ಎದೆನೋವು ಎನ್ನುತ್ತಿದ್ದಳು. ಎದೆ ಎಂದರೆ ನಮ್ಮ ಭಾಷೆಯಲ್ಲಿ ಏನೆಲ್ಲ ಆಗಬಹುದಷ್ಟೆ! ನನ್ನ ತಮ್ಮನು ವಾಯುವೆಂದು ಜೀರಿಗೆ ಕಷಾಯವನ್ನು ಕುಡಿಸಿದನು. ನೆಂಟರೊಬ್ಬರು ಹೃದಯವಿರಬಹುದೆಂದು ಹೆದರಿಸಿ ಚನ್ನರಾಯಪಟ್ಟಣಕ್ಕೆ ಕರೆದೊಯ್ದು ಇ.ಸಿ.ಜಿ. ತೆಗೆಸಿದರು, ಹೃದಯವು ನೆಟ್ಟಗೇ ಇದ್ದಿತು. ಹುಡುಗಿಯು ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತರಿಸಿ ಗುಟ್ಟಾಗಿ ನುಂಗುತ್ತಿದ್ದಳೆಂಬುದು ಆಮೇಲೆ ತಿಳಿಯಿತು. ಆಕೆಯ ಸೋದರತ್ತೆಯೊಬ್ಬರು ಸ್ತನದ ಅರ್ಬುದದಿಂದ ತೀರಿಕೊಂಡಿದ್ದರು. ತನಗೂ ಅದೇ ಬಂದಿತೆಂದು ರಾತ್ರಿಯೆಲ್ಲ ಅಳುತ್ತಿದ್ದಳಂತೆ. ನನ್ನ ಕಣ್ಣಿಗೆ ಬಿದ್ದುದು ಒಂದೇ: ಪೂಜೆಗೆ ತೇಯ್ದ ಗಂಧವನ್ನು ತಂದಾಗ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಹೋದಳು. ಪರಿಮಳದ ಆ ಶ್ಲೋಕಾರ್ಥವು ನೆನಪಾಗಿ ನನ್ನ ಹೆಂಡತಿಗೆ ಹೇಳಿದೆನು. ಅವಳು ಬೀದಿಯ ಆಶಾ ಕಾರ್ಯಕರ್ತೆಯನ್ನು ಕರೆಸಿದಳು. ಆ ತಾಯಿಯು ಬಾಗಿಲು ಹಾಕಿಕೊಂಡು ನೇರವಾಗಿ ಕೇಳಿದಳಂತೆ: ಮೊಲೆ ನೋಯುತ್ತದೆಯೇ, ಮುಟ್ಟು ಎಂದು ಬರಬೇಕಿತ್ತು? ಐದು ನಿಮಿಷದಲ್ಲಿ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದುವು. ಸರ್ಕಾರವು ಕಾರ್ಯಕರ್ತೆಯರ ಮೂಲಕ ಹಂಚುವ ಆ ಪರೀಕ್ಷಾ ಪಟ್ಟಿಗೆ ‘ನಿಶ್ಚಯ’ವೆಂದು ಹೆಸರು. ಇಟ್ಟವರು ಯಾರೋ, ಸಂಸ್ಕೃತ ಬಲ್ಲವರಿರಬೇಕು. ಅಕ್ಟೋಬರಿನಲ್ಲಿ ಹೆರಿಗೆಯಾಯಿತು.

‘ಮೊಲೆಹಾಲು’ ಎಂದರೆ ಸಭ್ಯ, ‘ಮೊಲೆ’ ಎಂದರೆ ಅಸಭ್ಯ. ಇದು ಯಾವ ವ್ಯಾಕರಣವೋ ನಾನರಿಯೆ.

ಆ ನೋವಿಗೆ ಕಾರಣವೇನೆಂಬುದನ್ನು ವೈದ್ಯರಿಂದ ಕೇಳಿ, ಓದಿ ತಿಳಿದ ಮಟ್ಟಿಗೆ ಹೇಳುವೆನು. ಅಂಡವು ಫಲಿಸಿದ ಆರರಿಂದ ಹತ್ತು ದಿನಗಳೊಳಗೆ ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡು, ಎಚ್‌ಸಿಜಿ ಎಂಬ ರಸವನ್ನು ತಾಯಿಯ ರಕ್ತಕ್ಕೆ ಕಳುಹಿಸತೊಡಗುವುದು. ಅಂಡವು ಹೊರಟ ಸ್ಥಳದಲ್ಲಿ ಉಳಿದ ಪೀತಪಿಂಡವು, ಗರ್ಭವಿಲ್ಲದಿದ್ದರೆ ಎರಡು ವಾರಗಳಲ್ಲಿ ಬತ್ತತಕ್ಕದ್ದು, ಈ ಸಂದೇಶವು ಬಂದುದರಿಂದ ಬತ್ತದೆ ಪ್ರೊಜೆಸ್ಟರೋನನ್ನು ಸುರಿಸುತ್ತಲೇ ಇರುವುದು. ಅದೂ ಈಸ್ಟ್ರೋಜನ್ನೂ ಕೂಡಿ ಹಾಲಿನ ನಾಳಗಳನ್ನು ಬೆಳೆಸುವುವು. ರಕ್ತಸಂಚಾರವು ಹೆಚ್ಚಿ ಮೊಲೆಯು ಬಿಗಿದು, ರವಿಕೆ ತಗುಲಿದರೂ ನೋಯುವುದು. ಇಂತಹ ರಸಗಳಿಗೆ ಹಾರ್ಮೋನೆಂಬ ಹೆಸರನ್ನು ಲಂಡನ್ನಿನ ಸ್ಟಾರ್ಲಿಂಗನು ೧೯೦೫ರಲ್ಲಿ ಬಳಕೆಗೆ ತಂದನು; ಗ್ರೀಕಿನಲ್ಲಿ ಅದಕ್ಕೆ ಪ್ರೇರಿಸುವುದೆಂದು ಅರ್ಥ. ತೊಟ್ಟಿನ ಸುತ್ತಣ ಕಪ್ಪು ವೃತ್ತದಲ್ಲಿ ಏಳುವ ಸಣ್ಣ ಗುಳ್ಳೆಗಳನ್ನು ಡಬ್ಲಿನ್ನಿನ ಮಾಂಟ್‌ಗೊಮರಿ ಎಂಬ ವೈದ್ಯನು ೧೮೩೭ರಲ್ಲಿ ವರ್ಣಿಸಿದನು. ಮೂತ್ರದಿಂದ ಗರ್ಭವನ್ನು ತಿಳಿಯುವ ವಿಧಾನವನ್ನು ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೊಂಡೆಕ್ ೧೯೨೭ರ ಸುಮಾರಿಗೆ ಕಂಡುಹಿಡಿದಾಗ ಅದಕ್ಕೆ ಇಲಿಮರಿಗಳು ಪ್ರಾಣ ತೆರಬೇಕಾಗಿದ್ದಿತು. ಈಗ ಕಾಗದದ ಪಟ್ಟಿಯು ಸಾಕು.

ತೊಡಕೊಂದುಂಟು. ಮುಟ್ಟಿಗೆ ಮುಂಚೆಯೂ ಇದೇ ಪ್ರೊಜೆಸ್ಟರೋನಿನಿಂದ ಇದೇ ನೋವು ಅನೇಕರಿಗೆ ಬರುವುದು. ಆದುದರಿಂದ ನೋವೊಂದರಿಂದಲೇ ಗರ್ಭವೆಂದು ನಿರ್ಣಯಿಸಲಾಗದು. ಮುಟ್ಟಾದಮೇಲೆ ಇಳಿದುಹೋದರೆ ಅದು ತಿಂಗಳಿನ ನೋವು. ದಿನ ತಪ್ಪಿಯೂ ನಿಂತಿದ್ದರೆ ಪರೀಕ್ಷೆ ಮಾಡಿಸತಕ್ಕದ್ದು. ಗರ್ಭಿಣಿಯರಲ್ಲಿ ಹಲವರಿಗೆ ಮೂರು ತಿಂಗಳ ಮೇಲೆ ನೋವು ತಗ್ಗುವುದು. ಕೆಲವರಿಗೆ ನೋವೇ ಇರದು, ಅದರಿಂದ ಕೇಡೇನೂ ಇಲ್ಲ.

ಬೇಗ ತಿಳಿದರೆ ಲಾಭವೇನು, ತಾನಾಗಿ ತಿಳಿಯುವುದಷ್ಟೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಶಿಶುವಿನ ಮಿದುಳಿಗೂ ಬೆನ್ನುಹುರಿಗೂ ಮೂಲವಾದ ನಾಳವು ಗರ್ಭ ನಿಂತ ನಾಲ್ಕು ವಾರಗಳೊಳಗೇ ಮುಚ್ಚಿಕೊಳ್ಳುವುದು. ಅದಕ್ಕೆ ಬೇಕಾದ ಫೋಲಿಕ್ ಆಮ್ಲದ ಮಾತ್ರೆಯನ್ನು ಬಸಿರಿಗೆ ಮೊದಲೇ ಆರಂಭಿಸಿದರೆ ಲೇಸು. ಆ ಹುಡುಗಿಯು ನುಂಗಿದಂತಹ ನೋವಿನ ಮಾತ್ರೆಗಳಲ್ಲಿ ಗರ್ಭಿಣಿಗೆ ಹಿತವಲ್ಲದವು ಹಲವು. ಒಂದೇ ಕಡೆ ಕೈಗೆ ಸಿಕ್ಕುವ ಗಂಟು, ತೊಟ್ಟಿನಿಂದ ರಕ್ತ, ಜ್ವರದೊಡನೆ ಕೆಂಪು, ಇವು ಗರ್ಭದ ಲಕ್ಷಣಗಳಲ್ಲ, ವೈದ್ಯರಿಗೆ ತೋರಿಸಬೇಕು. ದಿನ ತಪ್ಪಿದಮೇಲೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರವಾದ ನೋವೂ ರಕ್ತಸ್ರಾವವೂ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಗರ್ಭವು ನಾಳದಲ್ಲಿ ನಿಂತಿರಬಹುದು.

ಪ್ರತಿ ತಿಂಗಳ ೯ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡು ೨೦೧೬ರಲ್ಲಿ ಆರಂಭವಾಯಿತು. ಅಲ್ಲಿಗೆ ಸೊಸೆಯೊಡನೆ ಅತ್ತೆಯೂ ಹೋದರೆ, ದಾರಿಯಲ್ಲಿ ಮಾತನಾಡಲು ಇಬ್ಬರಿಗೂ ಅವಕಾಶವಾಗುವುದು.